ನಂಬಿಕೆಯೇ ಇಲ್ಲ, ಇನ್ನು ಎಂತ ಸಂಶೋಧನೆ?

ಶಿರಸಿ ಕಡೆಯ ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಹೋಳಿಗೆ ಬರುವಷ್ಟರಲ್ಲಿ ಈ ಪ್ರಶ್ನೆ ಬಂದಿರುತ್ತದೆ. "ತಂಗೀ, ಎಂತ ಓದ್ತಾ ಇದ್ದೆ ಈಗ?" ಪಿಎಚ್‌ಡಿ ಅನ್ನುತ್ತೇನೆ. ಅಡಿಕೆ, ಮೀನಿನ ವ್ಯಾಪಾರ ಡಿಜಿಟಲ್ ಆದಮೇಲೆ ಕೊಡುವವರ ಮತ್ತು ಕೊಳ್ಳುವವರ ನಡುವಿನ ನಂಬಿಕೆ ಏನಾಗುತ್ತದೆ ಎಂಬುದು ನನ್ನ ವಿಷಯ ಅನ್ನುತ್ತೇನೆ. "ನಂಬಿಕೆ ಎಲ್ಲಿದ್ದು ಈಗ? ಎಲ್ಲಾ ಮೊಬೈಲ್ ಆತು. ಇಲ್ದೇ ಇದ್ದಿದ್ದರ ಮೇಲೆ ಎಂತ ಸಂಶೋಧನೆ ಮಾಡ್ತೆ?"

ಕಾರವಾರದ ಮೀನುಪೇಟೆಯಲ್ಲಿ ಮಾತಿನ ಧಾಟಿ ಬೇರೆ, ಪ್ರಶ್ನೆ ಅದೇ. ಪಂಕ್ತಿಯಲ್ಲಿ ಕೂತು ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ಚಿಲ್ಲರೆಯ ವಿಷಯ. ನೂರ ಎಂಬತ್ತು ರೂಪಾಯಿಯ ಬಂಗುಡೆಗೆ ಇನ್ನೂರರ ನೋಟು ಕೊಟ್ಟಾಗ ಮೀನಿನಾಕೆಯ ಹತ್ತಿರ ಇಪ್ಪತ್ತು ಇರುತ್ತಿರಲಿಲ್ಲ. "ನಾಳೆ ಬಂದಾಗ ತಕ್ಕೊಳ್ಳಿ" ಅನ್ನುತ್ತಿದ್ದಳು. ಇನ್ನೊಂದು ದಿನ ಕೊಳ್ಳುವವರ ಕೈಯಲ್ಲೇ ಹತ್ತು ಕಡಿಮೆ. ಆಗ ಆಕೆ ಬಿಟ್ಟುಕೊಡುತ್ತಿದ್ದಳು. ಈ ಹತ್ತು-ಇಪ್ಪತ್ತನ್ನು ಯಾರು ಬೇಕಾದರೂ ಮರೆತಂತೆ ಮಾಡಬಹುದಿತ್ತು. ಹೆಚ್ಚಿನವರು ಮರೆಯುತ್ತಿರಲಿಲ್ಲ. ಹೀಗೆ ಎರಡು ಮಳೆಗಾಲ ಕಳೆದರೆ ಗಿರಾಕಿ ಎಂಥವರು ಎಂದು ಆಕೆಗೂ, ಆಕೆ ಎಂಥವಳು ಎಂದು ಗಿರಾಕಿಗೂ ತಿಳಿದಿರುತ್ತಿತ್ತು. ಈಗ ಫೋನಿನಿಂದ ನೂರ ಎಂಬತ್ತಕ್ಕೆ ನೂರ ಎಂಬತ್ತೇ ಹೋಗುತ್ತದೆ. ಪಕ್ಕದ ಸೌಂಡ್‌ಬಾಕ್ಸ್ ದುಡ್ಡು ಬಂತೆಂದು ಕೂಗಿ ಹೇಳುತ್ತದೆ. ಆಕೆ ತಲೆ ಎತ್ತಿ ನೋಡಬೇಕಾಗಿಯೂ ಇಲ್ಲ. ಒಬ್ಬಾಕೆ ನನಗೆ ಹೇಳಿದ್ದು: "ಈಗ ಯಾರೂ ನಾಳೆ ಕೊಡ್ತೆ ಹೇಳುದಿಲ್ಲ ತಂಗಿ. ಒಳ್ಳೇದೇ ಆಯ್ತು. ಆದ್ರೆ ಯಾರು ಕೊಡುವವರು, ಯಾರು ಕೊಡದವರು, ಅದೂ ಗೊತ್ತಾಗುದಿಲ್ಲ."

ನನ್ನ ಸಂಶೋಧನೆಯ ತಿರುಳೇ ಆಕೆಯ ಆ ಕೊನೆಯ ಮಾತು. ನಂಬಿಕೆ ಸತ್ತಿಲ್ಲ, ಅದು ಹುಟ್ಟುತ್ತಿದ್ದ ಜಾಗಗಳು ಕಡಿಮೆಯಾಗಿವೆ.

ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಆಧಾರವಾಗಿ ಹಿಡಿಯುವ ಒಂದು ವಿವರಣೆಯಿದೆ. 1995ರಲ್ಲಿ ಮೇಯರ್, ಡೇವಿಸ್ ಮತ್ತು ಸ್ಕೂರ್‌ಮನ್ ಎಂಬ ಮೂವರು ಕೊಟ್ಟದ್ದು. ಎದುರಿನವರ ಮೇಲೆ ಕಣ್ಣಿಡಲು ಆಗಲಿ ಆಗದಿರಲಿ, ಅವರಿಂದ ನಮಗೆ ಪೆಟ್ಟು ಬೀಳಬಹುದಾದ ಜಾಗದಲ್ಲಿ ನಿಲ್ಲಲು ಒಪ್ಪುವುದೇ ನಂಬಿಕೆ ಎಂದರು. ನಾವು ಒಬ್ಬರನ್ನು ನಂಬುವುದು ಅವರ ಸಾಮರ್ಥ್ಯ, ನಮ್ಮ ಬಗ್ಗೆ ಅವರಿಗಿರುವ ಕಾಳಜಿ, ಅವರ ನೇರ ನಡತೆ ಈ ಮೂರನ್ನು ನೋಡಿ ಎಂದರು. ಇದನ್ನು ಓದಿದಾಗ ನನಗೆ ಹೊಳೆದದ್ದು, ಕಣ್ಣಿಡುವ ಕೆಲಸವನ್ನು ಯಂತ್ರ ಪೂರ್ತಿ ವಹಿಸಿಕೊಂಡಮೇಲೆ ಒಬ್ಬರು ನೇರ ಇದ್ದಾರೋ ಇಲ್ಲವೋ ಎಂದು ತಿಳಿಯುವ ಸಂದರ್ಭವೇ ಬರುವುದಿಲ್ಲ ಎಂಬುದು. ಮೋಸ ಮಾಡಬಹುದಾಗಿದ್ದೂ ಮಾಡದೇ ಇದ್ದಾಗಲ್ಲವೇ ಮನುಷ್ಯ ಗೊತ್ತಾಗುವುದು?

ಅಡಿಕೆಗೆ ಬರುತ್ತೇನೆ. ರಾಜ್ಯದಲ್ಲಿ 2014ರಿಂದ ಎಪಿಎಂಸಿಗಳನ್ನು ಆನ್‌ಲೈನಿನಲ್ಲಿ ಜೋಡಿಸುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಇದೆ. 2016ರ ಏಪ್ರಿಲ್ 14ರಂದು ದೇಶದ ಮಟ್ಟದ ಆನ್‌ಲೈನ್ ಕೃಷಿ ಮಾರುಕಟ್ಟೆ, ಇ-ನಾಮ್, ಬಂತು. ಇ-ಟೆಂಡರಿನಲ್ಲಿ ಪ್ರತಿ ಲಾಟಿಗೂ, ಎಂದರೆ ಮಾರಲು ಇಟ್ಟ ಒಂದೊಂದು ಅಡಿಕೆ ರಾಶಿಗೂ, ನಂಬರು. ವ್ಯಾಪಾರಸ್ಥರು ಮಾಲು ನೋಡಿ, ಗಡುವಿನೊಳಗೆ ದರ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಚ್ಚು ಹಾಕಿದವರಿಗೆ ಲಾಟು. ದರದ ಮಟ್ಟಿಗೆ ಇನ್ನು ಯಾರ ಮಾತನ್ನೂ ನಂಬಿ ಕೂರಬೇಕಿಲ್ಲ.

ಆದರೆ ಮಾಲು ನೋಡುವುದು ಈಗಲೂ ಕೈಯಲ್ಲೇ. ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು, ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡುತ್ತಾರೆ. ಮೇಲಿನ ಮುಷ್ಟಿಯಲ್ಲಿರುವ ಚಾಲಿಯೇ (ಒಣಗಿಸಿ ಸುಲಿದ ಹಣ್ಣಡಿಕೆ) ಚೀಲದ ತಳದಲ್ಲೂ ಇದೆ ಎಂದು ಯಾವ ಪರದೆಯೂ ಹೇಳುವುದಿಲ್ಲ. ದೂರದ ಊರಿನವರು ಕಾಣದ ಮಾಲಿಗೆ ಆನ್‌ಲೈನಿನಲ್ಲಿ ದರ ಹಾಕಲು ಹಿಂಜರಿಯುವುದು ಇದಕ್ಕೇ. ಇಲ್ಲಿ ಗುರುತಿನವರೊಬ್ಬರು ಸೀಳಿ ನೋಡಿ ಫೋನು ಮಾಡಬೇಕು. ಎಂದರೆ ಅಷ್ಟೆಲ್ಲ ಯಂತ್ರದ ನಡುವೆ ಕೊನೆಗೆ ಒಬ್ಬ ಮನುಷ್ಯನ ಮಾತೇ ಬೇಕು.

ಹಾಗೆಂದು ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವವರ ಜೊತೆ ನಾನು ನಿಲ್ಲಲಾರೆ. ಅಡಿಕೆ ಕೊಳ್ಳುವ, ಮುಂಗಡ ಕೊಡುವ ಸಾಹುಕಾರರ ವಖಾರಿಗಳ ಮೇಲಿನ ನಂಬಿಕೆ ಅಷ್ಟು ಗಟ್ಟಿಯಿದ್ದಿದ್ದರೆ 1923ರಲ್ಲಿ ಶಿರಸಿಯ ತೋಟಿಗರು ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲ. ಹಳೆಯ ನಂಬಿಕೆ ಮನೆತನ, ಜಾತಿ, ತೋಟದ ಎಕರೆ ನೋಡಿ ಹುಟ್ಟುತ್ತಿತ್ತು. ಅರ್ಧ ಎಕರೆಯವರಿಗೆ, ಗಂಡ ತೀರಿಕೊಂಡ ಹೆಂಗಸಿಗೆ ಅದರಲ್ಲಿ ಪಾಲಿರಲಿಲ್ಲ. ಅಂಥ ಒಬ್ಬರು ನನಗೆ ಹೇಳಿದ್ದಾರೆ, ಟೆಂಡರಿನಲ್ಲಿ ತಮ್ಮ ಲಾಟಿಗೂ ದೊಡ್ಡ ಹೆಗಡೇರ ಲಾಟಿಗೂ ಒಂದೇ ದರ ಬಿದ್ದ ದಿನ ಮನೆಗೆ ಬಂದು ಅತ್ತುಬಿಟ್ಟರಂತೆ.

ಕರಾವಳಿಗೆ ಹತ್ತಿರದ ಸಾಕ್ಷ್ಯ ಕೇರಳದ್ದು. ಉತ್ತರ ಕೇರಳದ ಬೂತಾಯಿ ಮೀನುಗಾರರಿಗೆ 1997ರಿಂದ 2001ರ ನಡುವೆ ಮೊಬೈಲು ಬಂತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವರ ಲಾಭ ಸರಾಸರಿ ಶೇ 8 ಏರಿತು, ಕೊಳ್ಳುವವರಿಗೆ ದರ ಶೇ 4 ಇಳಿಯಿತು, ಗಿರಾಕಿ ಸಿಗದೆ ಮೀನು ಚೆಲ್ಲುವುದು ನಿಂತಿತು. ಸಮುದ್ರದಲ್ಲಿದ್ದಾಗಲೇ ಯಾವ ದಡದಲ್ಲಿ ದರ ಎಷ್ಟು ಎಂದು ತಿಳಿಯುವುದು ಸಣ್ಣ ಲಾಭವಲ್ಲ. ಕಾರವಾರದಲ್ಲಿ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಕೆಲವು ಬುಟ್ಟಿಗಳ ಮೇಲಿನ ಕ್ಯೂಆರ್ ಚೀಟಿ ಮಗನ ಖಾತೆಯದ್ದು. ದುಡಿದದ್ದು ತಾಯಿ, ದುಡ್ಡು ಹೋಗಿದ್ದು ಮಗನ ಫೋನಿಗೆ. ಗಿರಾಕಿ ಮತ್ತು ಆಕೆಯ ನಡುವೆ ಬೇಡವಾದ ನಂಬಿಕೆ ಈಗ ಮನೆಯೊಳಗೆ ಬೇಕಾಗಿದೆ.

ಈ ವಿಷಯ ಯಾಕೆ ಆರಿಸಿಕೊಂಡೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಅಪ್ಪಯ್ಯ ಸುಮಾರು ಇಪ್ಪತ್ತು ವರ್ಷ ಒಂದೇ ವಖಾರಿಗೆ ಅಡಿಕೆ ಹಾಕಿದವರು. ಆಮೇಲೆ ಟೆಂಡರಿನಲ್ಲಿ ದರ ಹೆಚ್ಚು ಸಿಗುತ್ತದೆಂದು ಅಲ್ಲಿಗೆ ಬದಲಾದರು. ಸರಿಯಾದ ನಿರ್ಧಾರವೇ. 2019ರ ಆಗಸ್ಟಿನ ಮಳೆ ನಿಮಗೂ ನೆನಪಿರಬಹುದು. ಮದ್ದು ಹೊಡೆಯಲು ಕೊನೆಗೌಡ ಮರ ಹತ್ತುವಷ್ಟು ಬಿಡುವನ್ನೂ ಮಳೆ ಕೊಡಲಿಲ್ಲ, ಕೊಳೆರೋಗಕ್ಕೆ ತೋಟದ ಬುಡವೆಲ್ಲ ಉದುರಿದ ಅಡಿಕೆ. ಅಪ್ಪಯ್ಯ ಮುಂಗಡ ಕೇಳಲು ಹಳೆಯ ವಖಾರಿಗೆ ಹೋದರು. ಸಾಹುಕಾರರು ಕೂರಿಸಿ, ಚಹಾ ತರಿಸಿ, ಮೆಲ್ಲಗೆ ಹೇಳಿದರಂತೆ: "ಹೆಗಡೇರೇ, ಇಲ್ಲ ಅಂತಲ್ಲ. ನಿಮ್ಮ ತೋಟದಲ್ಲಿ ಈಗ ಎಷ್ಟಾಗ್ತದೆ ಅಂತಲೇ ನನಗೆ ಗೊತ್ತಿಲ್ಲ ನೋಡಿ."

ಅವರು ಸುಳ್ಳು ಹೇಳಲಿಲ್ಲ. ಟೆಂಡರಿಗೆ ಬದಲಾದಮೇಲಿನ ಅಪ್ಪಯ್ಯನ ಲಾಟು, ತೂಕ, ದರ ಎಲ್ಲ ಕಂಪ್ಯೂಟರಿನಲ್ಲಿತ್ತು. ಯಾರ ತಲೆಯಲ್ಲೂ ಇರಲಿಲ್ಲ. ಆ ವರ್ಷ ಆಯಿಯ ಬಂಗಾರ ಬ್ಯಾಂಕಿಗೆ ಹೋಯಿತು.

ಅಪ್ಪಯ್ಯ ಟೆಂಡರ್ ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಅಂದಿನಿಂದ ವರ್ಷಕ್ಕೆ ಎರಡು ಚೀಲ ಚಾಲಿ ಆ ವಖಾರಿಗೆ ಹೋಗುತ್ತದೆ. ಟೆಂಡರಿಗಿಂತ ದರ ಸ್ವಲ್ಪ ಕಡಿಮೆಯೇ. ಕಳೆದ ಸಲ ನಾನೂ ಜೊತೆಗಿದ್ದೆ. ಸಾಹುಕಾರರು ಚೀಲ ಬಿಚ್ಚಿಸಲಿಲ್ಲ. ದರದ ಮಾತಿಗೂ ಮೊದಲು ಕೇಳಿದರು: "ಈ ಸಲ ಮದ್ದು ಎಷ್ಟು ಸಲ ಹೊಡೆಸಿದ್ರಿ, ಹೆಗಡೇರೇ?"