ಎಕ್ಸೆಲ್ ಲೆಕ್ಕ ಬದಲಾಗುತ್ತಿಲ್ಲವೇ? ಮೊದಲು ಎಫ್9 ಒತ್ತಿ ನೋಡಿ

ಹಾಲಿನ ಲೆಕ್ಕದ ಒಂದು ಶೀಟ್ ಇದೆ ಅಂದುಕೊಳ್ಳಿ. ಬಿ2ರಲ್ಲಿ 12.5 ಲೀಟರ್, ಸಿ2ರಲ್ಲಿ 36 ರೂಪಾಯಿ ದರ, ಡಿ2ರಲ್ಲಿ ಇವೆರಡನ್ನು ಗುಣಿಸುವ ಫಾರ್ಮುಲಾ. ಉತ್ತರ 450. ಈಗ ಲೀಟರನ್ನು 14.5ಕ್ಕೆ ತಿದ್ದಿದರೆ 522 ಬರಬೇಕು. ಆದರೆ 450 ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಫಾರ್ಮುಲಾ ಅಳಿಸಿ ಮತ್ತೆ ಟೈಪ್ ಮಾಡಿದರೆ ಸರಿಯಾದ ಮೊತ್ತ ಬಂದುಬಿಡುತ್ತದೆ, ಹೆಚ್ಚಿನವರು ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಮುಂದಿನ ಸಲ ಲೀಟರ್ ತಿದ್ದಿದಾಗ ಮತ್ತೆ ಅದೇ ಕಥೆ.

ಫಾರ್ಮುಲಾ ಮುಟ್ಟಬೇಡಿ. ಖಾಲಿ ಸೆಲ್ ಒಂದರ ಮೇಲೆ ಕ್ಲಿಕ್ ಮಾಡಿ, ಮತ್ತೆ ಲೆಕ್ಕ ಹಾಕಿಸುವ ಎಫ್9 ಕೀ ಒತ್ತಿ. ಖಾಲಿ ಸೆಲ್ ಅಂದಿದ್ದಕ್ಕೆ ಕಾರಣವಿದೆ: ಫಾರ್ಮುಲಾ ಎಡಿಟ್ ಮಾಡುತ್ತಿರುವಾಗ ಎಫ್9 ಒತ್ತಿದರೆ ಫಾರ್ಮುಲಾ ಹೋಗಿ ಬರೀ ಸಂಖ್ಯೆ ಕೂರುತ್ತದೆ. ಹಾಗಾದರೆ ಎಂಟರ್ ಒತ್ತದೆ ಎಸ್ಕೇಪ್ ಒತ್ತಿ.

ಎಫ್9ಗೆ 522 ಬಂತು ಅಂದರೆ ಫಾರ್ಮುಲಾ ಸರಿಯಾಗಿಯೇ ಇದೆ, ಎಕ್ಸೆಲ್ ಮ್ಯಾನುಯಲ್ ಮೋಡ್‌ನಲ್ಲಿದೆ, ಅಂದರೆ ನೀವು ಹೇಳುವವರೆಗೆ ಮತ್ತೆ ಲೆಕ್ಕ ಹಾಕುವುದಿಲ್ಲ. ಫಾರ್ಮುಲಾಸ್ ಟ್ಯಾಬ್‌ಗೆ ಹೋಗಿ, ಕ್ಯಾಲ್ಕುಲೇಶನ್ ಆಪ್ಷನ್ಸ್‌ನಲ್ಲಿ ಆಟೋಮ್ಯಾಟಿಕ್ ಆರಿಸಿ, ಫೈಲ್ ಸೇವ್ ಮಾಡಿ.

ಯಾರೂ ಬದಲಿಸದಿದ್ದರೂ ಅದು ಮ್ಯಾನುಯಲ್ ಆಗಿದ್ದು ಹೇಗೆ? ಈ ಮೋಡ್ ಒಂದೊಂದು ಫೈಲ್‌ಗೆ ಬೇರೆಬೇರೆಯಾಗಿ ಇರುವುದಿಲ್ಲ, ತೆರೆದಿರುವ ಎಕ್ಸೆಲ್‌ಗೆಲ್ಲ ಒಂದೇ. ಮೊದಲು ತೆರೆದ ಫೈಲ್ ಯಾವ ಮೋಡ್‌ನಲ್ಲಿ ಸೇವ್ ಆಗಿತ್ತೋ, ಆಮೇಲೆ ತೆರೆದ ಎಲ್ಲ ಫೈಲ್‌ಗಳಿಗೂ ಅದೇ ಗತಿ. ಅಷ್ಟೇ ಅಲ್ಲ, ಅವನ್ನೆಲ್ಲ ಸೇವ್ ಮಾಡಿದಾಗ ಮ್ಯಾನುಯಲ್ ಅವುಗಳೊಳಗೂ ಸೇರಿಕೊಳ್ಳುತ್ತದೆ. ಮೇಲ್‌ನಲ್ಲಿ ಬಂದ ಒಂದೇ ಫೈಲ್‌ನಿಂದ ಇಡೀ ಆಫೀಸಿಗೆ ನೆಗಡಿ ಹರಡಿದ ಹಾಗೆ ಹರಡುವುದು ಹೀಗೆ. ‘ನನ್ನ ಸಿಸ್ಟಮ್‌ನಲ್ಲಿ ಸರಿಯಾಗಿ ಬರ್ತಿದೆಯಲ್ಲ’ ಅನ್ನುವ ವಾದಕ್ಕೂ ಇದೇ ಮೂಲ: ಅವರು ಆಟೋಮ್ಯಾಟಿಕ್ ಫೈಲ್ ಒಂದನ್ನು ಮೊದಲೇ ತೆರೆದಿಟ್ಟಿರುತ್ತಾರೆ.

ಮ್ಯಾಕ್ರೋಗಳೂ (ಎಕ್ಸೆಲ್ ಕೆಲಸಗಳನ್ನು ತಾನಾಗಿಯೇ ಮಾಡಿಸುವ ಪುಟ್ಟ ಕೋಡ್‌ಗಳು) ಇದನ್ನು ಮಾಡುತ್ತವೆ. ವೇಗಕ್ಕೆಂದು ಮೊದಲ ಸಾಲಿನಲ್ಲಿ ಮ್ಯಾನುಯಲ್ ಮಾಡಿ ಕೊನೆಯ ಸಾಲಿನಲ್ಲಿ ಆಟೋಮ್ಯಾಟಿಕ್‌ಗೆ ತರುವುದು ವಾಡಿಕೆ. ನಡುವೆ ಎರರ್ ಬಂದು ಮ್ಯಾಕ್ರೋ ನಿಂತರೆ ಆ ಕೊನೆಯ ಸಾಲು ಓಡುವುದೇ ಇಲ್ಲ. ಎರರ್ ಬಂದರೂ ಆ ಸಾಲಿಗೆ ಹೋಗುವಂತೆ ಕೋಡ್ ಬರೆಯದವರ ಮ್ಯಾಕ್ರೋ ನಂಬಬೇಡಿ. ಇನ್ನೊಂದು ಕಣ್ಕಟ್ಟು: ಮ್ಯಾನುಯಲ್‌ನಲ್ಲಿದ್ದರೂ ಸೇವ್ ಮಾಡುವಾಗ ಎಕ್ಸೆಲ್ ಸಾಮಾನ್ಯವಾಗಿ ಒಮ್ಮೆ ಲೆಕ್ಕ ಹಾಕುತ್ತದೆ. ಹಾಗಾಗಿ ಸೇವ್ ಆದೊಡನೆ ಎಲ್ಲ ಸರಿಹೋದಂತೆ ಕಾಣುತ್ತದೆ.

ಮೋಡ್ ಆಟೋಮ್ಯಾಟಿಕ್ ಇದ್ದೂ ಹಳೆಯ ಉತ್ತರವೇ ನಿಂತಿದ್ದರೆ ಕಂಟ್ರೋಲ್+ಆಲ್ಟ್+ಎಫ್9 ಒತ್ತಿ. ತೆರೆದ ಫೈಲ್‌ಗಳ ಎಲ್ಲ ಫಾರ್ಮುಲಾಗಳೂ, ಬದಲಾಗಿರಲಿ ಬಿಡಲಿ, ಹೊಸದಾಗಿ ಲೆಕ್ಕವಾಗುತ್ತವೆ. ಜೊತೆಗೆ ಶಿಫ್ಟ್ ಸೇರಿಸಿದರೆ ಯಾವ ಸೆಲ್ ಯಾವುದನ್ನು ಅವಲಂಬಿಸಿದೆ ಅನ್ನುವುದನ್ನೂ ಎಕ್ಸೆಲ್ ಮತ್ತೆ ಹುಡುಕುತ್ತದೆ. ದೊಡ್ಡ ಫೈಲ್ ಆದರೆ ಸ್ವಲ್ಪ ಹೊತ್ತು ಕಾಯಬೇಕು.

ಉತ್ತರದ ಬದಲು ಫಾರ್ಮುಲಾವೇ ಅಕ್ಷರವಾಗಿ ಕಾಣುತ್ತಿದ್ದರೆ ರೋಗ ಬೇರೆ. ಇಡೀ ಶೀಟ್ ಹಾಗಿದ್ದರೆ ಫಾರ್ಮುಲಾಸ್ ಟ್ಯಾಬ್‌ನ ಶೋ ಫಾರ್ಮುಲಾಸ್ ಆನ್ ಆಗಿದೆ, ಆಫ್ ಮಾಡಿ. ಒಂದು ಸೆಲ್ ಮಾತ್ರ ಹಾಗಿದ್ದರೆ ಅದರ ಫಾರ್ಮ್ಯಾಟ್ ಟೆಕ್ಸ್ಟ್ ಆಗಿರುತ್ತದೆ. ಜನರಲ್‌ಗೆ ಬದಲಿಸಿದರೆ ಸಾಲದು, ಎಫ್2 ಒತ್ತಿ ಎಂಟರ್ ಕೊಡಬೇಕು. ಇಡೀ ಕಾಲಮ್ ಹಾಗಿದ್ದರೆ ಜನರಲ್ ಮಾಡಿ, ಡೇಟಾ ಟ್ಯಾಬ್‌ನ ಟೆಕ್ಸ್ಟ್ ಟು ಕಾಲಮ್ಸ್ ತೆರೆದು ನೇರ ಫಿನಿಶ್ ಒತ್ತಿ.

ಇದಕ್ಕಿಂತ ಮೋಸದ್ದು, ಸಂಖ್ಯೆಯಂತೆ ಕಾಣುವ ಟೆಕ್ಸ್ಟ್. ಟೆಕ್ಸ್ಟ್ ಆಗಿರುವ 14.5ನ್ನು ದರದಿಂದ ಗುಣಿಸಿದರೆ ಎಕ್ಸೆಲ್ ಸಂಖ್ಯೆಯೆಂದೇ ಓದಿ 522 ಕೊಡುತ್ತದೆ. ಆದರೆ ಲೀಟರ್ ಕಾಲಮ್‌ಗೆ ಸಮ್ ಹಾಕಿದರೆ ಅದನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ದುಡ್ಡು ತಾಳೆಯಾಗುತ್ತದೆ, ಲೀಟರ್ ತಾಳೆಯಾಗುವುದಿಲ್ಲ. ಅನುಮಾನ ಬಂದ ಸೆಲ್‌ಗೆ, ಅದರಲ್ಲಿರುವುದು ಸಂಖ್ಯೆಯೇ ಎಂದು ಹೇಳುವ ಈಸ್‌ನಂಬರ್ ಫಾರ್ಮುಲಾ ಹಾಕಿ ನೋಡಿ. ಫಾಲ್ಸ್ ಬಂದರೆ, ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ, ಆ ಕಾಲಮ್‌ನ ಮೇಲೆ ಪೇಸ್ಟ್ ಸ್ಪೆಷಲ್‌ನಿಂದ ಮಲ್ಟಿಪ್ಲೈ ಕೊಡಿ. ವೆಬ್‌ಪುಟದಿಂದ ಕಾಪಿ ಮಾಡಿದ ಅಂಕಿಗಳ ಜೊತೆ 160ನೇ ಕೋಡ್‌ನ ಸ್ಪೇಸ್ ಅಂಟಿಕೊಂಡು ಬರುವುದುಂಟು. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್‌ಗೆ ಅದು ಜಗ್ಗುವುದಿಲ್ಲ, ಸಬ್‌ಸ್ಟಿಟ್ಯೂಟ್‌ನಲ್ಲಿ ಕ್ಯಾರ್(160) ಕೊಟ್ಟು ತೆಗೆಯಬೇಕು.

ಮೊತ್ತದ ಜಾಗದಲ್ಲಿ 0 ಕಂಡರೆ ಫಾರ್ಮುಲಾ ತನ್ನನ್ನೇ ಕೂಡಿಕೊಳ್ಳುತ್ತಿದೆಯೇ ನೋಡಿ. ಡಿ32ರಲ್ಲಿ ಕೂತ ಸಮ್, ಡಿ2ರಿಂದ ಡಿ32ರವರೆಗೆ ಕೂಡುತ್ತಿರುತ್ತದೆ. ಡಿ31ಕ್ಕೆ ನಿಲ್ಲಿಸಿ. ಇಂಥ ಫಾರ್ಮುಲಾಗೆ ಎಕ್ಸೆಲ್ ಕೊಡುವ ಎಚ್ಚರಿಕೆಯ ಕಾಟ ತಪ್ಪಿಸಲು ಇಟರೇಟಿವ್ ಕ್ಯಾಲ್ಕುಲೇಶನ್ (ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುವ ಸೆಟ್ಟಿಂಗ್) ಆನ್ ಮಾಡಿದರೆ ಎಚ್ಚರಿಕೆ ಮಾತ್ರ ಹೋಗುತ್ತದೆ, ತಪ್ಪು ಅಲ್ಲೇ ಇರುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಮ್ಯಾನುಯಲ್ ಮೋಡ್ ಇಲ್ಲ. ಅಲ್ಲಿ ಈಗಿನ ಸಮಯ ತೋರಿಸುವ ನೌ ಫಾರ್ಮುಲಾದ ಸಮಯ ಮುಂದೆ ಹೋಗುತ್ತಿಲ್ಲವಾದರೆ ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ, ಕ್ಯಾಲ್ಕುಲೇಶನ್ ಅಡಿಯಲ್ಲಿ, ಪ್ರತಿ ನಿಮಿಷ ಅಥವಾ ಪ್ರತಿ ಗಂಟೆ ಎಂದು ಆರಿಸಿ. ಲಿಬ್ರೆಆಫೀಸ್‌ನಲ್ಲಿ ಡೇಟಾ ಮೆನುವಿನ ಕ್ಯಾಲ್ಕುಲೇಟ್‌ನೊಳಗೆ ಆಟೋಕ್ಯಾಲ್ಕುಲೇಟ್‌ಗೆ ಟಿಕ್ ಇರಲಿ. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿಸಲು ಅಲ್ಲಿ ಕಂಟ್ರೋಲ್+ಶಿಫ್ಟ್+ಎಫ್9.