ಯಾವ ನೀರು ಕೊಡ್ಲಿರಿ?

ಮಂಗಳವಾರ ಬೆಳಗ್ಗೆ ನಮ್ಮ ಬೇಸ್‌ಮೆಂಟಿನಲ್ಲಿ ಆ ಹುಡುಗ ಕೇಳಿದ ಪ್ರಶ್ನೆ ಇನ್ನೂ ತಲೆಯೊಳಗೆ ಗುಂಯ್‌ಗುಡುತ್ತಿದೆ. "ಸರ್ರ, ಯಾವ ನೀರು ಕೊಡ್ಲಿರಿ?"

ಹುಡುಗ ಅಂದರೆ ನಮ್ಮ ಎಸ್‌ಟಿಪಿ ಆಪರೇಟರ್, ಕೊಳಚೆ ನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುವವನು, ಲಿಂಗಸುಗೂರು ಕಡೆಯವನು. ಬೆಂಗಳೂರಿನ ವರ್ತೂರು ಕೆರೆಯ ಆಚೆಗಿರುವ ನಮ್ಮ 180 ಮನೆಗಳ ಬಚ್ಚಲು, ಕಕ್ಕಸು, ಪಾತ್ರೆ ತೊಳೆದ ನೀರೆಲ್ಲ ಅವನ ಕಣ್ಣೆದುರೇ ಹಾದುಹೋಗುತ್ತದೆ. ಆರು ವರ್ಷದಿಂದ ಇಲ್ಲೇ ಇರುವ ನಾನು ಅವನ ಮುಖ ನೋಡಿದ್ದು ಕಳೆದ ತಿಂಗಳು, ಅಸೋಸಿಯೇಷನ್ ಸೆಕ್ರೆಟರಿ ಆದ ಮೇಲೆ. (ಆದದ್ದೇನಲ್ಲ, ಮೀಟಿಂಗಿಗೆ ಬಾರದವರನ್ನು ಹಾಗೆ ಮಾಡಿಬಿಡುತ್ತಾರೆ.)

ಅವತ್ತು ಶುದ್ಧಗೊಂಡ ನೀರಿನ ತಿಂಗಳ ಸ್ಯಾಂಪಲ್ಲು ಒಯ್ಯಲು ಲ್ಯಾಬಿನವನು ಬಂದಿದ್ದ. ಒಂದು ಕಿವಿಗೆ ಇಯರ್‌ಫೋನು, ಬೈಕಿನ ಹಿಂದೆ ಐಸ್ ಬಾಕ್ಸು. ಬಾಕ್ಸಿನಲ್ಲಿ ಐಸ್ ಇರಲಿಲ್ಲ, ಅವನ ಟಿಫಿನ್ ಇತ್ತು. ಆಪರೇಟರ್ ಮುಂದೆ ಎರಡು ಕ್ಯಾನು. ಒಂದು ಖಾಲಿ. ಇನ್ನೊಂದು ಬೆಳಗ್ಗೆಯೇ ತುಂಬಿಟ್ಟದ್ದು, ನೀರು ತಿಳಿಯಾಗಿ ಹೊಳೆಯುತ್ತಿತ್ತು. ಆಗ ಕೇಳಿದ. ನನಗೆ ಅರ್ಥವಾಗಲಿಲ್ಲ.

"ಯಾವ ನೀರು ಅಂದ್ರೆ?"

"ಕಾವೇರಿ ಸೇರ್ಸಿದ್ದು ಕೊಡ್ಲ್ಯೋ, ಹಂಗ ಇದ್ದದ್ದು ಕೊಡ್ಲ್ಯೋ?"

ಅವನ ದನಿಯಲ್ಲಿ ಕಳ್ಳತನವೇ ಇರಲಿಲ್ಲ. ಅನ್ನ ಹಾಕ್ಲಾ, ಮುದ್ದೆ ಹಾಕ್ಲಾ ಅಂತ ಕೇಳುವವರ ಹಾಗೆ ಕೇಳಿದ. ಹೊಸ ಸೆಕ್ರೆಟರಿ, ಇವರ ರುಚಿ ಹೇಗೋ ಏನೋ ಅಂತ ವಿಚಾರಿಸಿಕೊಂಡ, ಅಷ್ಟೆ.

ಕಾವೇರಿ! ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಗುಡ್ಡದಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ನೀರು. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ, ಆಮೇಲೆ ನಮ್ಮ ನಲ್ಲಿಗೂ ಬಂದಾಗ ಲಿಫ್ಟಿನ ಮುಂದೆ ಮೈಸೂರು ಪಾಕ್ ಹಂಚಿದವರು ನಾವು. ಅದನ್ನೇ ಒಂದು ಚೊಂಬು ಸುರಿದು ನಮ್ಮ ಹೊಲಸಿನ ರಿಪೋರ್ಟು ತೊಳೆದುಕೊಳ್ಳುತ್ತಿದ್ದೆವು.

"ಹಂಗೇ ಇರೋದನ್ನ ಕೊಡಪ್ಪ" ಅಂದೆ. ಲ್ಯಾಬಿನವನು ಇಯರ್‌ಫೋನ್ ತೆಗೆದು ನನ್ನನ್ನೊಮ್ಮೆ ನೋಡಿದ. ಹಬ್ಬದ ದಿನ ಊಟ ಬೇಡ ಅಂದವನನ್ನು ನೋಡುವ ನೋಟ.

ಮೇಲೆ ಬಂದು ಹಳೆಯ ಫೈಲು ತೆಗೆದೆ. ಪೊಲ್ಯೂಷನ್ ಬೋರ್ಡಿನ ಸಿಎಫ್‌ಒ ಇದೆ, 1974ರ ಜಲ ಕಾಯ್ದೆಯಡಿ ಘಟಕ ನಡೆಸಲು ಕೊಡುವ ಒಪ್ಪಿಗೆ. ಶುದ್ಧಗೊಂಡ ನೀರಿನ ಬಿಒಡಿ, ಅಂದರೆ ಉಳಿದ ಕೊಳೆಯ ಅಳತೆ, ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತ ಷರತ್ತು. ಅದರ ಹಿಂದೆ ಎರಡು ವರ್ಷದ ರಿಪೋರ್ಟುಗಳು. ಬಿಒಡಿ 8. 8. 7. 8. ಮಳೆಗಾಲ, ಬೇಸಿಗೆ, ದೀಪಾವಳಿಗೆ ಅರ್ಧ ಮನೆಗಳಿಗೆ ಬೀಗ ಬಿದ್ದ ತಿಂಗಳು, ಎಲ್ಲಕ್ಕೂ 8. ಇನ್ನೊಂದು ತಮಾಷೆ ನೋಡಿ. ಕೊಳೆ ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸಿದವು ಎಂದು ನೋಡುವುದೇ ಬಿಒಡಿ. ನಮ್ಮಲ್ಲಿ ಅದಕ್ಕೆ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ಫೈಲಿನಲ್ಲಿ 4ನೇ ತಾರೀಕು ಒಯ್ದ ಸ್ಯಾಂಪಲ್ಲಿಗೆ 5ನೇ ತಾರೀಕಿನ ರಿಪೋರ್ಟು!

ಹಿಂದಿನ ಟ್ರೆಷರರ್‌ಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಪೈಸೆ ಪೈಸೆಗೂ ಲೆಕ್ಕ ಇಡುತ್ತಾರೆ, ಸಮಸ್ಯೆ ಬಂದದ್ದೇ ಅಲ್ಲಿಂದ. "ನೀವು ಹೊಸಬ್ರು, ಯಾಕೆ ಮೈಮೇಲೆ ಎಳ್ಕೋತೀರಿ? ಎಲ್ಲಾ ಅಪಾರ್ಟ್‌ಮೆಂಟಲ್ಲೂ ಇಷ್ಟೇ" ಅಂದರು. ಮಾತಿಗೆ ಮಾತು ಬಂದು ಗೊತ್ತಾಯಿತು, ಕರೆಂಟ್ ಬಿಲ್ ಉಳಿಸಲು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಆ ಸೂಕ್ಷ್ಮಜೀವಿಗಳಿಗೆ ಗಾಳಿ ಊದುವ ಬ್ಲೋವರ್ ಬಂದ್ ಮಾಡಿಸುತ್ತಿದ್ದವರು ಅವರೇ.

ಮತ್ತೆ ಕೆಳಗಿಳಿದೆ. ಆಪರೇಟರ್ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಗಾಳಿ ತೊಟ್ಟಿಯ ನೀರು ತುಂಬಿ ನನ್ನ ಮುಂದಿಟ್ಟ. ಅರ್ಧ ಗಂಟೆ ಕಾಯ್ರಿ ಅಂದ. ಆರೋಗ್ಯವಾಗಿದ್ದರೆ ಕಂದು ಕೆಸರು ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲಬೇಕಂತೆ, ಮೂಸಿದರೆ ಹಸಿ ಮಣ್ಣಿನ ವಾಸನೆ ಬರಬೇಕಂತೆ. ನಮ್ಮದು ಕಪ್ಪಗೆ ಹಾಗೇ ತೇಲುತ್ತಿತ್ತು, ಕೊಳೆತ ಮೊಟ್ಟೆಯ ನಾತ. "ಉಸಿರು ಕಟ್ಟೇತ್ರಿ ಅವಕ್ಕ" ಅಂದ, ಮನೆಯ ದನಕರುಗಳ ಬಗ್ಗೆ ಹೇಳುವ ಹಾಗೆ. 180 ಮನೆಗಳಲ್ಲಿ ಎಂಜಿನಿಯರುಗಳಿಗೆ ಲೆಕ್ಕವಿಲ್ಲ. ಆ ಜೀವಿಗಳಿಗೂ ಉಸಿರು ಬೇಕು ಅಂತ ತಿಳಿದವನು ಇವನೊಬ್ಬನೇ. ಇಷ್ಟು ತಿಳಿದೂ ಕಾವೇರಿ ಬೆರೆಸುತ್ತಿದ್ದ, ಬೆರೆಸು ಅಂದದ್ದಕ್ಕೆ.

ಘಟಕದಿಂದ ಹೊರಬೀಳುವ ಮಿಕ್ಕ ನೀರು ರಾಜಕಾಲುವೆಗೆ, ಅಲ್ಲಿಂದ ವರ್ತೂರು ಕೆರೆಗೆ, ಕೆರೆಯಿಂದ ದಕ್ಷಿಣ ಪಿನಾಕಿನಿ ನದಿಗೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನ ಕೆಳಗೆ ಏಳುವ ನೊರೆಯಲ್ಲಿ ನಮ್ಮ ಮನೆಯ ಸೋಪೂ ಇದೆ. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಫೋಟೋ ಹಾಕಿ "ನಾಚಿಕೆಗೇಡು" ಅಂತ ಬರೆದವರಲ್ಲಿ ನಾನೂ ಒಬ್ಬ. ಕಾರ್ಖಾನೆಯವರನ್ನು ಬೈದಿದ್ದೆ. ಸಕ್ಕರೆ, ಕಾಗದ, ಮದ್ಯ ಸೇರಿ 17 ಬಗೆಯ ಉದ್ದಿಮೆಗಳು ತಾವು ಹೊರಬಿಡುವ ಕೊಳೆಯನ್ನು ಹಗಲು ರಾತ್ರಿ ಅಳೆಯುವ ಸೆನ್ಸರ್ ಹಾಕಲೇಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ನಮ್ಮ ಬೇಸ್‌ಮೆಂಟಿನಲ್ಲಿ ಇರುವುದು ತಿಂಗಳಿಗೊಂದು ಕ್ಯಾನು.

ರಾತ್ರಿ ಹೆಂಡತಿಗೆ ಹೇಳಿದರೆ ಅವಳು ನಕ್ಕಳು. "ಶುಗರ್ ಟೆಸ್ಟಿಗೆ ನಾಲ್ಕು ದಿನ ಮುಂಚೆ ನೀವು ಸಿಹಿ ಬಿಡಲ್ವಾ?" ಬಿಡುತ್ತೇನೆ. ಮೂರು ತಿಂಗಳ ಸರಾಸರಿ ಹೇಳುವ ಆ ಇನ್ನೊಂದು ಟೆಸ್ಟು ಬರೆದುಕೊಟ್ಟ ಡಾಕ್ಟರನ್ನೇ ಬದಲಾಯಿಸಿದೆ. ಆಫೀಸಿನಲ್ಲಿ ಆಡಿಟ್‌ನವರು ಬಂದರೆ ಯಾವ ಪ್ರಾಜೆಕ್ಟಿನ ಕಡತ ಮುಂದಿಡಬೇಕು ಅಂತ ನಾನೇ ತೀರ್ಮಾನಿಸುವುದು. ಆದರೆ ಆ ಹುಡುಗನಷ್ಟು ಬಾಯಿಬಿಟ್ಟು ಯಾರನ್ನೂ ಕೇಳಿದವನಲ್ಲ.

ಇವತ್ತು ಲ್ಯಾಬಿನಿಂದ ಫೋನ್. "ಸರ್, ಬಿಒಡಿ 34 ಬಂದಿದೆ. ಇನ್ನೊಂದು ಸ್ಯಾಂಪಲ್ ತಗೊಳ್ಳೋಣ್ವಾ?" ಬೇಡ, ಅದನ್ನೇ ಬರೆದು ಕಳಿಸಿ ಅಂದೆ. ಪಕ್ಕದಲ್ಲಿದ್ದ ಆಪರೇಟರ್ ಕೇಳಿಸಿಕೊಂಡ. "ನನ್ನ ಕೆಲ್ಸ ಹೋಕ್ಕೈತೇನ್ರಿ?" ಅಂದ. ಅಲ್ಲಿಯವರೆಗೆ ನನಗದು ಹೊಳೆದೇ ಇರಲಿಲ್ಲ. ಇಲ್ಲ ಅಂದೆ, ಆದರೆ ಅದು ನನ್ನೊಬ್ಬನ ಕೈಲಿಲ್ಲ.

ಬುಧವಾರದಿಂದ ಬ್ಲೋವರ್ ರಾತ್ರಿಯೂ ಓಡುತ್ತಿದೆ. ಮೊದಲ ಮಹಡಿಯವರು ಆಗಲೇ ಗ್ರೂಪಿನಲ್ಲಿ ಹಾಕಿದ್ದಾರೆ: ಕೆಳಗಿನಿಂದ ಏನೋ ಸದ್ದು, ನಿದ್ದೆ ಇಲ್ಲ, ದಯವಿಟ್ಟು ಆಫ್ ಮಾಡಿಸಿ. ಹನ್ನೊಂದು ಜನ ಹೆಬ್ಬೆರಳು ಒತ್ತಿದ್ದಾರೆ.