ಅವ್ವನ ಕಿವಿ, ಇಲಿಯ ಕಿವಿ

ಜಾತ್ರೆಯಲ್ಲಿ ಕೊಂಡ ಗಿಲೀಟು ಬೆಂಡೋಲಿ ಹಾಕಿಕೊಂಡ ಮೂರನೇ ದಿನಕ್ಕೆ ಅವ್ವನ ಕಿವಿ ಕೆಂಪಗಾಗಿ ನೀರು ಒಸರತೊಡಗಿತು. ನಿಕಲ್ ಅಲರ್ಜಿ. ನಾನು ಬೆಳಗಾವಿಯ ಲ್ಯಾಬಿನಿಂದ ಬೈಲಹೊಂಗಲಕ್ಕೆ ಹೋದಾಗ ಕಟ್ಟೆ ಮೇಲೆ ಕೂತು ಕೇಳಿದಳು: "ನೀವು ಇಂಥದ್ದನ್ನೆಲ್ಲಾ ಇಲಿ ಕಿವಿಗೆ ಹಚ್ಚಿ ನೋಡ್ತೀರೇನವಾ?"

ಅಲರ್ಜಿ ತಿಳಿಯುವ ಹಳೇ ಪರೀಕ್ಷೆ ಅದೇ. ಇಲಿಯ ಎರಡೂ ಕಿವಿಗೆ ಮೂರು ದಿನ ಹಚ್ಚಿ, ಆರನೇ ದಿನ ಅದನ್ನು ಕೊಂದು, ಕಿವಿ ಹತ್ತಿರದ ಗ್ರಂಥಿಯಲ್ಲಿ ಜೀವಕೋಶ ಎಷ್ಟು ಹೆಚ್ಚಿವೆ ಅಂತ ನೋಡುತ್ತಾರೆ. ಆದರೆ ಅವ್ವನ ಕಿವಿ ಕೆಡಿಸಿದ ನಿಕಲ್ ಆ ಪರೀಕ್ಷೆಯ ಕೈಗೆ ಸಿಗುವುದೇ ಕಷ್ಟ. ನಿಕಲ್ ನಮ್ಮ ಜೀವಕೋಶದ ಮೇಲಿರುವ ಟಿಎಲ್‌ಆರ್4 ಎಂಬ ಪ್ರೋಟೀನಿಗೆ ಅಂಟಿ ಗದ್ದಲ ಎಬ್ಬಿಸುತ್ತದೆ. ಇಲಿಯ ಟಿಎಲ್‌ಆರ್4ನಲ್ಲಿ ಹಾಗೆ ಅಂಟುವ ಜಾಗವೇ ಇಲ್ಲ. ಇದು ಗೊತ್ತಾಗಿದ್ದು 2010ರಲ್ಲಿ. ಓದಿದ ದಿನ ಸಂಕಟವಾಯಿತು. ಆ ಇಲಿಗಳು ಸುಮ್ನೆ ಸತ್ತವು, ಅಲ್ವಾ?

ನಾವು ಮನುಷ್ಯರ ಜೀವಕೋಶದಲ್ಲೇ ನೋಡುತ್ತೇವೆ. ಟಿಎಚ್‌ಪಿ-1 ಎಂಬ ಜೀವಕೋಶಗಳನ್ನು 24 ಗಂಟೆ ವಸ್ತುವಿನ ಜೊತೆ ಇಟ್ಟು, ಅವುಗಳ ಮೈಮೇಲೆ ಅಲರ್ಜಿಯ ಸುಳಿವು ಕೊಡುವ ಸಿಡಿ86, ಸಿಡಿ54 ಎಂಬ ಪ್ರೋಟೀನುಗಳು ಜಾಸ್ತಿ ಆದವಾ ಅಂತ ಅಳೆಯುವುದು. ಕರಗುವ ವಸ್ತುವಿಗೆ ಇದು ಸಲೀಸು. ಸನ್‌ಸ್ಕ್ರೀನಿನ ಟೈಟಾನಿಯಂ ಡೈಆಕ್ಸೈಡ್ ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಕರಗುವುದಿಲ್ಲ. ಬೆಳಿಗ್ಗೆ ನೋಡಿದರೆ ಕಲಸಿಟ್ಟ ಸುಣ್ಣದ ಹಾಗೆ ತಳದಲ್ಲಿ ಕೂತಿರುತ್ತದೆ. ಬೆಳಕನ್ನು ಚದುರಿಸಿ ಯಂತ್ರದ ದಾರಿಯನ್ನೂ ತಪ್ಪಿಸುತ್ತದೆ. ಅದಕ್ಕೇ ಜೀವಕೋಶವಿಲ್ಲದೆ ಬರೀ ಕಣವನ್ನೂ ಒಮ್ಮೆ ಓದಿಸುತ್ತೇನೆ.

ಹೋದ ತಿಂಗಳು ಬೆಳ್ಳಿಯ ನ್ಯಾನೋಕಣಕ್ಕೆ ಸಿಡಿ86 ಜೋರಾಗಿ ಏರಿತು. ಮೂರು ಸಲ ಮಾಡಿದರೂ ಅದೇ. ಗೈಡ್ ಮೇಡಂ ಕೇಳಿದ್ದು ಒಂದೇ ಮಾತು: "ಎಂಡೋಟಾಕ್ಸಿನ್ ನೋಡೀಯೇನು?" ನೋಡಿರಲಿಲ್ಲ. ಎಂಡೋಟಾಕ್ಸಿನ್ ಅಂದರೆ ಬ್ಯಾಕ್ಟೀರಿಯಾದ ಚೂರುಗಳು; ಕಣ ತಯಾರಿಸಿದ ನೀರಿನಲ್ಲಿದ್ದ ಅವು ಕಣಕ್ಕೆ ಅಂಟಿದ್ದವು. ಅವು ಬಡಿಯುವುದೂ ಅದೇ ಟಿಎಲ್‌ಆರ್4 ಬಾಗಿಲನ್ನೇ. ಆರು ವಾರದ ಕೆಲಸ ಹೋಯಿತು.

ಎಂಡೋಟಾಕ್ಸಿನ್ ನೋಡಲು ಹಾರ್ಸ್‌ಶೂ ಏಡಿಯ ನೀಲಿ ರಕ್ತ ಬಳಸುತ್ತಾರೆ. ಅದರಲ್ಲಿನ ಫ್ಯಾಕ್ಟರ್ ಸಿ ಪ್ರೋಟೀನು ಈಗ ಏಡಿಯಿಲ್ಲದೆ ತಯಾರಾಗಿ ಸಿಗುತ್ತದೆ, ಅದನ್ನೇ ತರಿಸಿದೆವು. ಆದರೆ ನಮ್ಮ ಜೀವಕೋಶ ಬೆಳೆಸುವ ದ್ರವದಲ್ಲಿ ಮಾಮೂಲಾಗಿ 10% ಸೀರಮ್, ಅಂದರೆ ಹುಟ್ಟದ ಕರುವಿನ ರಕ್ತದಿಂದ ತೆಗೆದ ತಿಳಿ, ಇರುತ್ತದೆ. ಇದನ್ನೂ ಅವ್ವನಿಗೆ ಹೇಳಿದೆ. ಹಿತ್ತಲಲ್ಲಿ ನಮ್ಮ ಆಕಳು ಗಬ್ಬ ಇದೆ. ಕಿವಿಯಲ್ಲಿಟ್ಟುಕೊಂಡ ಬೇವಿನ ಕಡ್ಡಿ ತಿರುವುತ್ತಾ ಅವ್ವ ಬಹಳ ಹೊತ್ತು ಮಾತಾಡಲಿಲ್ಲ.

ಜೀವಕೋಶಗಳನ್ನು ಸೀರಮ್ ಇಲ್ಲದ ದ್ರವಕ್ಕೆ ಸ್ವಲ್ಪ ಸ್ವಲ್ಪವೇ ಒಗ್ಗಿಸುತ್ತಿದ್ದೇನೆ. ಸದ್ಯ 5%ಕ್ಕೆ ಇಳಿದಿದೆ.